ಹಳೇ ಡಾಸ್ ಮಷೀನಿನ ಸೆಟ್ ಸಾಲುಗಳನ್ನು ಸಂಭಾಳಿಸೋದು ಹೇಗೆ

ಡಾಸ್ (ವಿಂಡೋಸ್‌ಗೆ ಮುಂಚಿನ, ಕಮಾಂಡ್ ಹೊಡೆದು ನಡೆಸುವ ಆಪರೇಟಿಂಗ್ ಸಿಸ್ಟಮ್) ಕಾಲದ ಪ್ರೋಗ್ರಾಮ್ ಏಕಾಏಕಿ ಕೈಕೊಟ್ಟರೆ ಎಲ್ಲರಿಗೂ ಮೊದಲು ಹಾರ್ಡ್ ಡಿಸ್ಕ್ ಮೇಲೆ ಅನುಮಾನ. ನಾನು ಮೊದಲು ಸೆಟ್ ಅಂತ ಹೊಡೆದು ಎಂಟರ್ ಒತ್ತುತ್ತೇನೆ. ಆಗ ಪರದೆಯ ಮೇಲೆ ಬರುವ ಸಾಲುಗಳೇ ಎನ್ವಿರಾನ್ಮೆಂಟ್ ವೇರಿಯಬಲ್‌ಗಳು. ಎಡಕ್ಕೆ ಹೆಸರು, ನಡುವೆ ಸಮ ಚಿಹ್ನೆ, ಬಲಕ್ಕೆ ಬೆಲೆ, ಅಂದರೆ ಆ ಹೆಸರಿಗೆ ಕೊಟ್ಟ ಮಾಹಿತಿ. ಯಾವ ಫೈಲ್ ಎಲ್ಲಿದೆ, ತಾತ್ಕಾಲಿಕ ಫೈಲ್ ಎಲ್ಲಿ ಬರೆಯಬೇಕು ಅನ್ನೋದನ್ನು ಪ್ರೋಗ್ರಾಮ್‌ಗಳು ಇಲ್ಲಿಂದಲೇ ಓದಿಕೊಳ್ಳುತ್ತವೆ.

ರಾಯಚೂರಿನ ನಮ್ಮ ಮನೆಯಲ್ಲಿರುವುದು 486 ಮಷೀನು, ಅದರಲ್ಲಿ 1994ರ ಎಂಎಸ್-ಡಾಸ್ 6.22. ಅಪ್ಪ ರಾಜೇಂದ್ರ ಗಂಜಿನಲ್ಲಿ ದಲಾಲಿ ಅಂಗಡಿ ನಡೆಸುತ್ತಿದ್ದಾಗಿನ ಹತ್ತಿ, ತೊಗರಿ ಲೆಕ್ಕವೆಲ್ಲ ಅದರಲ್ಲೇ ಇದೆ. ಈಗಲೂ ಯಾರಾದರೂ ಹಳೇ ಗೆಳೆಯರು ಬಂದು ಕೂತರೆ "ಅವ್ವಾ, ತೊಂಬತ್ನಾಲ್ಕರ ಖಾತಿ ತೆಗಿಯವ್ವ" ಅನ್ನುತ್ತಾರೆ. ಹಾಗಾಗಿ ಈ ಮಷೀನನ್ನು ಓಡುವ ಹಾಗೆ ಇಡಬೇಕಾದವಳು ನಾನೇ.

ಇಲ್ಲಿ ಕಮಾಂಡುಗಳನ್ನು ಕನ್ನಡದಲ್ಲಿ ಬರೆದಿದ್ದೇನೆ. ಕೀಬೋರ್ಡಿನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಿರಿ.

ಹೊಸ ಬೆಲೆ ಕೊಡಲು: ಸೆಟ್ ಟೆಂಪ್=ಸಿ:\ಟೆಂಪ್. ತೆಗೆದುಹಾಕಲು: ಸೆಟ್ ಟೆಂಪ್= ಅಂತ ಬರೆದು ಬಲಗಡೆ ಖಾಲಿ ಬಿಡಿ. ಸಮ ಚಿಹ್ನೆಯ ಆಚೀಚೆ ಜಾಗ ಬಿಡಬೇಡಿ. ಎಡಗಡೆ ಜಾಗ ಬಿಟ್ಟರೆ ಆ ಜಾಗವೂ ಹೆಸರಿನೊಳಗೆ ಸೇರಿಬಿಡುತ್ತದೆ. ಪರದೆಯಲ್ಲಿ ಟೆಂಪ್ ಅಂತಲೇ ಕಾಣುತ್ತದೆ, ಆದರೆ ಹುಡುಕುವ ಪ್ರೋಗ್ರಾಮಿಗೆ ಸಿಗುವುದಿಲ್ಲ. ಟೆಂಪ್ ಫೋಲ್ಡರನ್ನು ಎಂಡಿ ಕಮಾಂಡಿನಿಂದ ಮೊದಲೇ ಮಾಡಿಡಿ. ಸೆಟ್ ತಾನಾಗಿ ಫೋಲ್ಡರ್ ಮಾಡುವುದಿಲ್ಲ, ಅದು ಇದೆಯೋ ಇಲ್ಲವೋ ಅಂತ ನೋಡುವುದೂ ಇಲ್ಲ.

ಹೀಗೆ ಹೊಡೆದದ್ದೆಲ್ಲ ಮೆಮೊರಿಯಲ್ಲಿ ಮಾತ್ರ ಇರುತ್ತದೆ. ಕರೆಂಟ್ ಹೋದರೆ ಅದೂ ಹೋಯಿತು. ಶಕ್ತಿನಗರದಲ್ಲಿ ಕರೆಂಟ್ ಹುಟ್ಟುತ್ತದೆ ನಿಜ, ಆದರೆ ಬೇಸಿಗೆಯ ಮಧ್ಯಾಹ್ನ ನಮ್ಮ ಓಣಿಗೆ ಬರಲು ಅದಕ್ಕೆ ಪುರುಸೊತ್ತಿರುವುದಿಲ್ಲ! ಅದಕ್ಕೇ ಕಾಯಂ ಬೇಕಾದ ಸಾಲುಗಳನ್ನು, ಮಷೀನ್ ಶುರುವಾದಾಗಲೆಲ್ಲ ತಾನಾಗಿ ಓಡುವ ಆಟೋಎಕ್ಸೆಕ್.ಬ್ಯಾಟ್ ಫೈಲಿನಲ್ಲಿ ಬರೆಯಬೇಕು. ಎಡಿಟ್ ಕಮಾಂಡಿನಿಂದ ತೆರೆಯಿರಿ. ಎಡಿಟ್ ಓಡದಿದ್ದರೆ ಡಾಸ್ ಫೋಲ್ಡರಿನಲ್ಲಿ ಕ್ಯೂಬೇಸಿಕ್ ಅನ್ನುವ ಪ್ರೋಗ್ರಾಮ್ ಇದೆಯಾ ನೋಡಿ. ಜಾಗ ಉಳಿಸಲು ಯಾರೋ ಅದನ್ನು ಅಳಿಸಿರುತ್ತಾರೆ. 6.22ರ ಎಡಿಟ್ ನಡೆಯುವುದೇ ಅದರ ಬೆನ್ನ ಮೇಲೆ.

ಸಾಲುಗಳ ಕ್ರಮವೂ ಮುಖ್ಯ. ಮೌಸ್ ಡ್ರೈವರ್‌ನಂಥ, ಮೆಮೊರಿಯಲ್ಲೇ ಕೂರುವ ಪ್ರೋಗ್ರಾಮ್‌ಗಳನ್ನು ಮೊದಲು ಪೂರ್ತಿ ಪಾತ್ (ಡ್ರೈವ್, ಫೋಲ್ಡರ್ ಸಮೇತ ವಿಳಾಸ) ಕೊಟ್ಟು ಓಡಿಸಿ. ಆಮೇಲೆ ಸೆಟ್ ಸಾಲುಗಳು ಬರಲಿ. ಪ್ರತಿ ಪ್ರೋಗ್ರಾಮ್ ಶುರುವಾಗುವಾಗ ಡಾಸ್ ಅದಕ್ಕೆ ಈ ಸಾಲುಗಳ ಒಂದು ಪ್ರತಿ ಕೊಡುತ್ತದೆ. ಪ್ರತಿ ದೊಡ್ಡದಿದ್ದಷ್ಟೂ ಡಾಸ್ ಪ್ರೋಗ್ರಾಮ್‌ಗಳಿಗೆ ಸಿಗುವ 640 ಕೆಬಿ ಮೆಮೊರಿಯಲ್ಲಿ ಸುಮ್ನೆ ದಂಡ.

ಈ ಪ್ರತಿಯ ವಿಷಯ ಚೆನ್ನಾಗಿ ತಿಳಿದುಕೊಳ್ಳಿ. ಇದು ಗಂಜಿನಲ್ಲಿ ರೈತನಿಗೆ ಕೊಡುವ ಪಟ್ಟಿಯ ಕಾರ್ಬನ್ ಪ್ರತಿ ಇದ್ದ ಹಾಗೆ. ಅದರ ಮೇಲೆ ಏನು ಗೀಚಿದರೂ ಮೂಲ ಪಟ್ಟಿ ಬದಲಾಗುವುದಿಲ್ಲ. ಅಪ್ಪನ ಲೆಕ್ಕದ ಪ್ರೋಗ್ರಾಮಿನ ಮೆನುವಿನಲ್ಲಿ "ಡಾಸ್" ಅಂತ ಒಂದು ಆಯ್ಕೆ ಇದೆ. ಅದರೊಳಗೆ ಹೋಗಿ ಸೆಟ್ ಹೊಡೆದು, ಎಕ್ಸಿಟ್ ಕೊಟ್ಟು ವಾಪಸ್ ಬಂದರೆ ಬದಲಾವಣೆ ಅಲ್ಲೇ ಬಿದ್ದುಹೋಗಿರುತ್ತದೆ. ಪ್ರೋಗ್ರಾಮಿನಿಂದ ಪೂರ್ತಿ ಹೊರಬಂದೇ ಬದಲಿಸಬೇಕು. ಬ್ಯಾಚ್ ಫೈಲಿಗೆ (ಕಮಾಂಡುಗಳನ್ನು ಸಾಲಾಗಿ ಬರೆದಿಟ್ಟ ಫೈಲಿಗೆ) ಈ ತೊಂದರೆ ಇಲ್ಲ. ಅದು ಬದಲಿಸಿದ್ದು ಮೂಲದಲ್ಲೇ ಉಳಿಯುತ್ತದೆ.

ಆ ಅನುಕೂಲದಿಂದಲೇ ನಮ್ಮ ಖಾತೆ ನಡೆಯುತ್ತದೆ. ಪ್ರೋಗ್ರಾಮ್ ಬರೆದವರು ಡೇಟಾ ಎಲ್ಲಿದೆ ಅನ್ನೋದನ್ನು ಖಾತೆ ಅನ್ನುವ ವೇರಿಯಬಲ್‌ನಿಂದ ಓದುವ ಹಾಗೆ ಮಾಡಿದ್ದರು. ಒಳ್ಳೇ ಬುದ್ಧಿ. ಒಂದೊಂದು ವರ್ಷಕ್ಕೆ ಒಂದೊಂದು ಫೋಲ್ಡರ್ ಇದೆ: ಕೆ93, ಕೆ94, ಹೀಗೆ. ವರ್ಷ.ಬ್ಯಾಟ್ ಅಂತ ಸಣ್ಣ ಫೈಲ್ ಮಾಡಿದ್ದೇನೆ:

@ಎಕೋ ಆಫ್
ಇಫ್ "%1"=="" ಗೋಟು ಕೇಳು
ಸೆಟ್ ಖಾತೆ=ಡಿ:\ಕೆ%1
ಡಿ:\ದಲಾಲಿ
ಸೆಟ್ ಖಾತೆ=
ಗೋಟು ಮುಗೀತು
:ಕೇಳು
ಎಕೋ ಯಾವ ವರ್ಷ?
:ಮುಗೀತು

ವರ್ಷ 94 ಅಂತ ಹೊಡೆದರೆ %1 ಇರುವಲ್ಲಿ 94 ಬಂದು ಆ ವರ್ಷದ ಖಾತೆ ತೆರೆಯುತ್ತದೆ. ಮುಗಿದ ಮೇಲೆ ಬೆಲೆ ಅಳಿಸುವ ಸಾಲನ್ನು ಬಿಡಬೇಡಿ. ಇಲ್ಲದಿದ್ದರೆ ಮುಂದೆ ನೇರವಾಗಿ ಪ್ರೋಗ್ರಾಮ್ ಓಡಿಸಿದವರು ಹಳೇ ವರ್ಷದ ಮೇಲೆ ಬರೆದುಬಿಡುತ್ತಾರೆ.

ಶೇಕಡಾ ಚಿಹ್ನೆ ಹಾಕಿ ಬೆಲೆ ತೆಗೆಯುವುದು ಬ್ಯಾಚ್ ಫೈಲಿನೊಳಗೆ ಮಾತ್ರ ನಡೆಯುತ್ತದೆ. ಪ್ರಾಂಪ್ಟಿನಲ್ಲಿ (ನಾವು ಕಮಾಂಡ್ ಹೊಡೆಯುವ ಸಾಲಿನಲ್ಲಿ) ಎಕೋ %ಪಾತ್% ಹೊಡೆದರೆ ಅದನ್ನೇ ತಿರುಗಿ ತೋರಿಸುತ್ತದೆ. ವಿಂಡೋಸ್ ಕಮಾಂಡ್ ಪ್ರಾಂಪ್ಟ್ ರೂಢಿಯಾದವರು ಇಲ್ಲಿ ಗಾಬರಿಯಾಗುತ್ತಾರೆ. ಬೆಲೆ ನೋಡಲು ಬರೀ ಸೆಟ್ ಸಾಕು.

ಸಾಲು ಜಾಸ್ತಿಯಾದಾಗ "ಔಟ್ ಆಫ್ ಎನ್ವಿರಾನ್ಮೆಂಟ್ ಸ್ಪೇಸ್" ಅಂತ ಬರುತ್ತದೆ. ರ‍್ಯಾಮ್ ಹಾಕಿಸಲು ಓಡಬೇಡಿ, ಅಂಗಡಿಯವರು ಖುಷಿಯಾಗಿ ಹಾಕಿಕೊಡುತ್ತಾರೆ, ಪ್ರಯೋಜನ ಇಲ್ಲ. ಡಾಸ್ 6.22 ಈ ಸಾಲುಗಳಿಗೆ ಇಡುವುದೇ 256 ಬೈಟ್. ಉದ್ದನೆಯ ಒಂದು ಪಾತ್ ಸಾಲು (ಪ್ರೋಗ್ರಾಮ್ ಹುಡುಕಬೇಕಾದ ಫೋಲ್ಡರುಗಳ ಪಟ್ಟಿ) ಅದರಲ್ಲಿ ಅರ್ಧ ತಿನ್ನುತ್ತದೆ. ಮಷೀನ್ ಶುರುವಾಗುವಾಗ ಡಾಸ್ ಓದುವ ಕಾನ್ಫಿಗ್.ಸಿಸ್ ಫೈಲಿನಲ್ಲಿ ಈ ಸಾಲು ಹಾಕಿ:

ಶೆಲ್=ಸಿ:\ಡಾಸ್\ಕಮಾಂಡ್.ಕಾಮ್ ಸಿ:\ಡಾಸ್\ /ಇ:1024 /ಪಿ

ಇ ಮುಂದಿನ ಸಂಖ್ಯೆ ಬೈಟುಗಳ ಲೆಕ್ಕ. ಮಿತಿ 32768, ಆದರೆ ಮನೆಯ ಮಷೀನಿಗೆ 1024 ಧಾರಾಳ. ಪಿ ಮರೆತರೆ ಆಟೋಎಕ್ಸೆಕ್ ಓಡುವುದೇ ಇಲ್ಲ. ಮಷೀನ್ ಮತ್ತೆ ಶುರು ಮಾಡಿದ ಮೇಲೆಯೇ ಇದು ಜಾರಿಗೆ ಬರುತ್ತದೆ.

ಲೆಕ್ಕದ ಪ್ರೋಗ್ರಾಮ್ ನಮ್ಮದರಂತೆ ಕ್ಲಿಪ್ಪರ್ ಅನ್ನುವ ಭಾಷೆಯಲ್ಲಿ ಬರೆದದ್ದಾದರೆ ಇನ್ನೊಂದು ಕೆಲಸವಿದೆ. ಡಾಸ್ ಒಂದು ಪ್ರೋಗ್ರಾಮಿಗೆ ಸಾಮಾನ್ಯವಾಗಿ 20 ಫೈಲ್ ಮಾತ್ರ ತೆರೆಯಲು ಬಿಡುತ್ತದೆ. ಖಾತೆ, ಸರಕು, ಹಮಾಲಿ, ಇಂಡೆಕ್ಸ್ ಎಲ್ಲ ಒಟ್ಟಿಗೆ ತೆರೆದರೆ ಅದು ಸಾಲದು. ಕಾನ್ಫಿಗ್.ಸಿಸ್‌ನಲ್ಲಿ ಫೈಲ್ಸ್=60, ಆಟೋಎಕ್ಸೆಕ್‌ನಲ್ಲಿ ಸೆಟ್ ಕ್ಲಿಪ್ಪರ್=ಎಫ್50 ಹಾಕಿ. ಎರಡೂ ಬೇಕು.

ಆಟ ಆಡುವ ಮಕ್ಕಳಿದ್ದರೆ ಸೆಟ್ ಬ್ಲಾಸ್ಟರ್=ಎ220 ಐ5 ಡಿ1 ಸಾಲೂ ಇರುತ್ತದೆ. ಪೋರ್ಟ್, ಇಂಟರಪ್ಟ್, ಡಿಎಂಎ ನಂಬರುಗಳು ಅವು. ಜಂಪರ್ (ಪಿನ್‌ಗಳ ಮೇಲೆ ಕೂರಿಸಿ ನಂಬರು ಹೊಂದಿಸುವ ಸಣ್ಣ ತುಂಡು) ಇರುವ ಸೌಂಡ್ ಕಾರ್ಡಾದರೆ ಕಾರ್ಡಿನ ಮೇಲಿರುವುದನ್ನೇ ಬರೆಯಿರಿ. ಈ ಸಾಲು ಕಾರ್ಡನ್ನು ಬದಲಿಸುವುದಿಲ್ಲ, ಆಟಕ್ಕೆ ವಿಳಾಸ ಹೇಳುತ್ತದೆ ಅಷ್ಟೇ.

ಇಷ್ಟಕ್ಕೆಲ್ಲ ಕೈ ಹಾಕುವ ಮುಂಚೆ ಆಟೋಎಕ್ಸೆಕ್.ಬ್ಯಾಟ್, ಕಾನ್ಫಿಗ್.ಸಿಸ್ ಎರಡೂ ಫೈಲುಗಳನ್ನು ಫ್ಲಾಪಿಗೆ ಕಾಪಿ ಮಾಡಿಕೊಳ್ಳಿ. ಏನಾದರೂ ಕೆಟ್ಟು ಮಷೀನ್ ಅರ್ಧಕ್ಕೇ ನಿಂತರೆ, "ಸ್ಟಾರ್ಟಿಂಗ್ ಎಂಎಸ್-ಡಾಸ್" ಅಂತ ಬಂದ ಕೂಡಲೇ ಎಫ್5 ಒತ್ತಿ, ಎರಡೂ ಫೈಲ್ ಬಿಟ್ಟು ಮುಂದೆ ಹೋಗುತ್ತದೆ. ಎಫ್8 ಒತ್ತಿದರೆ ಒಂದೊಂದು ಸಾಲಿಗೂ ಕೇಳುತ್ತದೆ. ಕೆಟ್ಟ ಸಾಲು ಯಾವುದು ಅಂತ ಹಿಡಿಯಲು ನನಗೆ ಎಫ್8 ಮೇಲೆಯೇ ನಂಬಿಕೆ ಜಾಸ್ತಿ.