ಟ್ಯಾಂಕರ್ ಎಳೆಯುವಾಗ ಡೀಸೆಲ್ ವಾಸನೆ, ಎವರೇಜೂ ಇಲ್ಲ: ನಾನು ಹುಡುಕಿದ ರೀತಿ

ಲೋಡ್ ಎಳೆಯುವಾಗ ಡೀಸೆಲ್ ವಾಸನೆ ಬರುತ್ತದೆ, ಜೊತೆಗೆ ಎವರೇಜೂ ಬಿದ್ದಿದೆ. ಟ್ರ್ಯಾಕ್ಟರ್ ಇಟ್ಟುಕೊಂಡವರಿಗೆ ಈ ಎರಡು ದೂರು ಹೊಸದೇನಲ್ಲ. ಎಲ್ಲೋ ಸೋರುತ್ತಿದೆ, ಅದಕ್ಕೇ ಡೀಸೆಲ್ ಜಾಸ್ತಿ ಕುಡಿಯುತ್ತಿದೆ ಅಂತ ಎರಡನ್ನೂ ಒಂದೇ ಗಂಟು ಹಾಕಿಬಿಡುತ್ತಾರೆ. ನನ್ನ ಗಾಡಿಯಲ್ಲಿ ಎರಡಕ್ಕೂ ಬೇರೆ ಬೇರೆ ಕಾರಣ ಇತ್ತು. ವಾಸನೆಯ ಬೆನ್ನು ಹತ್ತಿ ಹೋಗಿದ್ದರಿಂದ ಇಂಜಿನ್ ಉಳಿಯಿತು. ಆದರೆ ದುಡ್ಡು ಹೋಗುತ್ತಿದ್ದದ್ದು ಇಂಜಿನ್ನಿನಲ್ಲಿ ಅಲ್ಲವೇ ಅಲ್ಲ.

ನಮ್ಮ ಹೊಲ ಕಲಬುರಗಿಯಿಂದ ಆಳಂದ ರಸ್ತೆ ಕಡೆ ಇದೆ. ಗಾಡಿ ಹಳೆಯದು, ಮೂರು ಸಿಲಿಂಡರ್, 40 ಎಚ್‌ಪಿ ಆಸುಪಾಸು. ಮಳೆಗಾಲದಲ್ಲಿ ಹೊಲದ ಕೆಲಸ, ತೊಗರಿ ಸುಗ್ಗಿಯಲ್ಲಿ ರಾಶಿ ಮಷಿನ್, ಬೇಸಿಗೆಯಲ್ಲಿ ನೀರಿನ ಟ್ಯಾಂಕರ್. ಊರಿಗೆ ಭೀಮಾ ನೀರು, ಬೆಣ್ಣೆತೊರೆ ನೀರು ಬರುತ್ತದೆ ನಿಜ. ಆದರೂ ಬಿಸಿಲು ನಲವತ್ತು ದಾಟಿದ ಮೇಲೆ ಹೊಸ ಲೇಔಟುಗಳಿಂದ ಫೋನ್ ಬರೋದು ನಿಲ್ಲೋದಿಲ್ಲ. ನಮ್ಮ ಬಾವಿಯಿಂದ ತುಂಬಿಸಿಕೊಂಡು ರಿಂಗ್ ರೋಡ್ ಸುತ್ತಮುತ್ತ ಹಾಕುತ್ತೇವೆ.

ಮೊದಲು ಹೇಳಿದ್ದು ನಮ್ಮ ಡ್ರೈವರ್. "ಮಾಲಕ್ರ, ಏರಿನ್ಯಾಗ ಎಣ್ಣಿ ವಾಸ್ನಿ ಭಾಳ ಬರ್ಲಾಕತ್ತದ್ರಿ. ಖಾಲಿ ಬರೂ ಮುಂದ ಏನೂ ಇಲ್ಲ." ಈ ಎರಡನೇ ಮಾತು ಮುಖ್ಯ. ಯಾವಾಗ ಬರುತ್ತದೆ ಅನ್ನೋದಕ್ಕಿಂತ ಯಾವಾಗ ಬರೋದಿಲ್ಲ ಅನ್ನೋದು ಜಾಸ್ತಿ ಹೇಳುತ್ತದೆ.

ಎವರೇಜ್ ಬಿದ್ದರೆ ಮಾಲೀಕರ ಕಣ್ಣು ಮೊದಲು ಡ್ರೈವರ್ ಮೇಲೆ ಹೋಗುತ್ತದೆ. ಕ್ಯಾನ್ ಹಿಡಿದು ಎಣ್ಣೆ ತೆಗೆದುಕೊಂಡ ಅನ್ನೋದು ನಮ್ಮ ಕಡೆ ಹಳೇ ಆರೋಪ. ಅಳೆಯದೆ ಆ ಮಾತು ಆಡಬಾರದು ಅಂತ ನನ್ನ ಲೆಕ್ಕ. ಅಳೆಯೋಕೆ ನೀರಿನ ಟ್ಯಾಂಕರಿನಂಥ ಲೋಡ್ ಇನ್ನೊಂದಿಲ್ಲ. ಕಬ್ಬು, ಫರ್ಸಿ ಕಲ್ಲು, ಗೊಬ್ಬರ ಒಂದೊಂದು ಸಲ ಒಂದೊಂದು ತೂಕ. 5,000 ಲೀಟರ್ ನೀರು ಮಾತ್ರ ಯಾವತ್ತೂ 5 ಟನ್ನೇ. ದಾರಿಯೂ ಅದೇ, ಏರೂ ಅದೇ.

ಅಳೆದದ್ದು ಹೀಗೆ. ಮನೆ ಮುಂದಿನ ಫರ್ಸಿ ಅಂಗಳ ಮಟ್ಟವಾಗಿದೆ. ಬೆಳಿಗ್ಗೆ ಗಾಡಿ ಅಲ್ಲೇ ನಿಲ್ಲಿಸಿ ಡೀಸೆಲ್ ಟ್ಯಾಂಕ್ ಕತ್ತಿನ ತನಕ ತುಂಬಿಸಿದೆ. ನಾನೇ ಮಡ್‌ಗಾರ್ಡ್ ಮೇಲೆ ಕೂತು ಜೊತೆಗೆ ಹೋದೆ. ಸಂಜೆ ಅದೇ ಜಾಗದಲ್ಲಿ, ಅದೇ ಮುಖ ಮಾಡಿ ನಿಲ್ಲಿಸಿ, ಅಳತೆ ಡಬ್ಬಿಯಿಂದ ಮತ್ತೆ ಕತ್ತಿಗೆ ತುಂಬಿಸಿದೆ. ಹಳೇ ಟ್ರ್ಯಾಕ್ಟರಿನ ಅವರ್ ಮೀಟರನ್ನು ಮಾತ್ರ ನೆಚ್ಚಿಕೊಳ್ಳಬೇಡಿ. ಅದು ಗಡಿಯಾರ ಅಲ್ಲ, ಇಂಜಿನ್ ಸುತ್ತು ಎಣಿಸುವ ಯಂತ್ರ. ಇಂಜಿನ್ ಕಮ್ಮಿ ತಿರುಗಿದರೆ ಮೀಟರೂ ನಿಧಾನ ಓಡುತ್ತದೆ, ಒಂದು ಗಂಟೆ ಕೆಲಸ ಮಾಡಿದರೂ ಪೂರ್ತಿ ಒಂದು ಗಂಟೆ ತೋರಿಸೋದಿಲ್ಲ. ಹಾಗಾಗಿ ಮೊಬೈಲಿನ ಟೈಮ್ ಬರೆದುಕೊಂಡೆ. ಹಿಂದಿನ ಬೇಸಿಗೆಯಲ್ಲಿ ಇದೇ ಕೆಲಸಕ್ಕೆ ಗಂಟೆಗೆ ನಾಲ್ಕೂವರೆ ಲೀಟರ್ ಬರುತ್ತಿತ್ತು. ಈಗ ಆರರ ಹತ್ತಿರ. ಡ್ರೈವರ್ ಇಡೀ ದಿನ ನನ್ನ ಕಣ್ಣೆದುರೇ ಇದ್ದ. ಕಳ್ಳತನದ ಮಾತು ಅಲ್ಲಿಗೆ ಮುಗಿಯಿತು.

ಇನ್ನು ವಾಸನೆ. ಹಸಿ ಡೀಸೆಲ್ ವಾಸನೆಯೋ, ಸೈಲೆನ್ಸರಿನಿಂದ ಬರುವ ಅರೆಬೆಂದ ಹೊಗೆ ವಾಸನೆಯೋ ಅನ್ನೋದನ್ನು ಮೊದಲು ಬೇರೆ ಮಾಡಿಕೊಳ್ಳಬೇಕು. ಹೊಗೆಯಾದರೆ ಕಣ್ಣು ಉರಿಯುತ್ತದೆ, ಬಣ್ಣ ಕಾಣುತ್ತದೆ. ನಮ್ಮದರಲ್ಲಿ ಏರಿನಲ್ಲಿ ಕರಿ ಹೊಗೆ ಇತ್ತು, ಅದು ಬೇರೆ ವಿಷಯ, ಆಮೇಲೆ ಹೇಳುತ್ತೇನೆ. ಸೀಟಿಗೆ ಬರುತ್ತಿದ್ದದ್ದು ಹಸಿ ವಾಸನೆ, ಪೆಟ್ರೋಲ್ ಬಂಕಿನಲ್ಲಿ ನಿಂತಾಗ ಬರುತ್ತದಲ್ಲ, ಅದೇ.

ಇಂಜಿನ್ನನ್ನು ಸೋಪಿನ ನೀರಿನಿಂದ ತೊಳೆದು ಒಣಗಿಸಿದೆ. ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ನೋಜಲ್‌ಗಳ ಸುತ್ತ, ಪೈಪಿನ ನಟ್‌ಗಳ ಮೇಲೆ, ನೋಜಲ್ಲಿಗೆ ಡೀಸೆಲ್ ಒತ್ತುವ ಪಂಪಿನ ಮೈಮೇಲೆ ಮುಖಕ್ಕೆ ಹಚ್ಚುವ ಪೌಡರ್ ಉದುರಿಸಿದೆ. "ಇಂಜಿನ್ನಿಗೆ ವಿಭೂತಿ ಹಚ್ಲಾಕತ್ತೀರೇನ್ರಿ?" ಅಂತ ಡ್ರೈವರ್ ನಕ್ಕ. ನಗಲಿ ಬಿಡಿ. ಸ್ಟಾರ್ಟ್ ಮಾಡಿ ಹತ್ತು ನಿಮಿಷ ಬಿಟ್ಟರೆ, ಎಲ್ಲಿ ಹಸಿ ಆಗುತ್ತದೋ ಅಲ್ಲಿ ಪೌಡರ್ ಕಪ್ಪಗೆ ತೊಯ್ದು ಗೆರೆ ಬೀಳುತ್ತದೆ. ಎರಡನೇ ನೋಜಲ್ಲಿನ ತಲೆ ಮೇಲೆ, ಉಳಿದ ಡೀಸೆಲ್ಲನ್ನು ವಾಪಸ್ ಒಯ್ಯುವ ಓವರ್‌ಫ್ಲೋ ಪೈಪ್ ಕೂರುವ ಕಡೆ ಅಂಥದ್ದೊಂದು ಗೆರೆ ಬಿತ್ತು. ಬೋಲ್ಟ್ ಬಿಚ್ಚಿದೆ. ತಾಮ್ರದ ವಾಶರ್ ಹಲವು ಸಲ ಬಿಚ್ಚಿ ಹಾಕಿ ತೆಳ್ಳಗಾಗಿತ್ತು, ಒಂದು ಕಡೆ ಉಗುರಿಗೆ ಸಿಗುವಂಥ ಗೀರು. ಹೊಸ ವಾಶರ್ ಹಾಕಿದೆ. ಅದಕ್ಕೆ ಖರ್ಚು ಚಹಾದ ದುಡ್ಡಿನಷ್ಟೇ.

ಇಲ್ಲೊಂದು ಎಚ್ಚರಿಕೆ. ಪಂಪಿನಿಂದ ನೋಜಲ್ಲಿಗೆ ಹೋಗುವ ಕಬ್ಬಿಣದ ಪೈಪಿನ ಲೀಕನ್ನು ಇಂಜಿನ್ ಓಡುವಾಗ ಬೆರಳಿಟ್ಟು ಹುಡುಕಲೇಬೇಡಿ. ಹಳೇ ಇಂಜಿನ್ನಿನ ನೋಜಲ್ ತೆರೆಯೋದೇ ಸುಮಾರು 200 ಬಾರ್ ಒತ್ತಡದಲ್ಲಿ, ಅಂದರೆ 2,900 ಪಿಎಸ್‌ಐ. ಕಣ್ಣಿಗೆ ಕಾಣದ ಸಣ್ಣ ತೂತಿನಿಂದ ಬಂದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಕಾಣುತ್ತದೆ, ಒಳಗೆ ಮಾಂಸ ಕೊಳೆಯುತ್ತದೆ. ಹಾಗಾದರೆ ನೋವಿಲ್ಲ ಅಂತ ಕೂರದೆ ಸೀದಾ ಆಸ್ಪತ್ರೆಗೆ ಹೋಗಬೇಕು. ಹುಡುಕೋಕೆ ರಟ್ಟಿನ ತುಂಡು ಹಿಡಿಯಿರಿ, ಕೈ ಬೇಡ.

ವಾಶರ್ ಹಾಕಿದ ಮೇಲೆ ನಿಂತಲ್ಲಿ ಬರುತ್ತಿದ್ದ ಅಲ್ಪಸ್ವಲ್ಪ ವಾಸನೆ ಹೋಯಿತು. ಲೋಡಿನಲ್ಲಿ ಮಾತ್ರ ಹಾಗೇ ಇತ್ತು. ಎವರೇಜಂತೂ ಕದಲಲಿಲ್ಲ, ಅದು ಕದಲೋದೂ ಇಲ್ಲ ಅಂತ ಗೊತ್ತಿತ್ತು. ಲೆಕ್ಕ ಹಾಕಿ ನೋಡಿ. ಸೆಕೆಂಡಿಗೆ ಒಂದು ಹನಿ ಬಿದ್ದರೂ ಗಂಟೆಗೆ 3,600 ಹನಿ. ಎಲ್ಲ ಸೇರಿಸಿದರೂ ಕಾಲು ಲೀಟರ್ ಆಗೋದಿಲ್ಲ. ನಮಗೆ ಹೋಗುತ್ತಿದ್ದದ್ದು ಗಂಟೆಗೆ ಒಂದೂವರೆ ಲೀಟರ್. ಅಷ್ಟು ಹೊರಗೆ ಸೋರಿದ್ದರೆ ಅಂಗಳದ ಫರ್ಸಿಯೇ ಹೇಳುತ್ತಿತ್ತು.

ಮರುದಿನ ಬೆಳಿಗ್ಗೆ, ಇಂಜಿನ್ ತಣ್ಣಗಿರುವಾಗ, ಇಂಜಿನ್ ಆಯಿಲ್ಲಿನ ಮಟ್ಟ ನೋಡುವ ಕಡ್ಡಿ ಎಳೆದೆ. ಮೇಲಿನ ಗೆರೆ ದಾಟಿ ಎರಡು ಬೆರಳು ಮೇಲಿತ್ತು. ಹಳೇ ಇಂಜಿನ್ನಿನಲ್ಲಿ ಆಯಿಲ್ ಸ್ವಲ್ಪ ಸ್ವಲ್ಪ ಕಮ್ಮಿ ಆಗಬೇಕು, ಜಾಸ್ತಿ ಆಗಬಾರದು. ಕಡ್ಡಿಯನ್ನು ಓರೆ ಮಾಡಿ ಹಿಡಿದರೆ ತುದಿಯಿಂದ ಹನಿ ಟಪಟಪ ಅಂತ ಉದುರಿತು. ಒಳ್ಳೇ ಆಯಿಲ್ ತುದಿಯಲ್ಲಿ ನಿಂತು, ಉದ್ದಕ್ಕೆ ಇಳಿದು, ಆಮೇಲೆ ಬೀಳುತ್ತದೆ. ಬೆರಳ ನಡುವೆ ತಿಕ್ಕಿದರೆ ಜಿಡ್ಡಿಲ್ಲ. ಮೂಸಿದರೆ ಡೀಸೆಲ್. ಹಳೇ ಪೇಪರ್ ಮೇಲೆ ಒಂದು ಹನಿ ಬಿಟ್ಟು ಬಿಸಿಲಿಲ್ಲದ ಕಡೆ ಇಟ್ಟೆ. ಸ್ವಲ್ಪ ಹೊತ್ತಿಗೆ ನಡುವೆ ಕರಿ ಚುಕ್ಕೆ ಉಳಿದು, ಅದರ ಸುತ್ತ ತೆಳ್ಳನೆಯ ಎಣ್ಣೆ ಉಂಗುರ ದೂರದ ತನಕ ಹರಡಿತು, ಡೀಸೆಲ್ ಸೇರಿದ ಗುರುತು ಅದು. ನೀರು ಸೇರಿದ್ದರೆ ಆಯಿಲ್ ಹಾಲು ಹಾಕಿದ ಚಹಾದ ಬಣ್ಣ ಆಗುತ್ತದೆ. ಇದು ಕಪ್ಪಗೇ ಇತ್ತು.

ಆಗ ಹುಮನಾಬಾದ್ ರಸ್ತೆ ಕಡೆಯ ಮಿಸ್ತ್ರಿ ಕಾಕಾಗೆ ಫೋನ್ ಮಾಡಿದೆ. ಆಯಿಲ್ ಏರಿದೆ ಅಂದ ತಕ್ಷಣ ಅವರು ಕೇಳಿದ್ದು ಇಷ್ಟೇ: "ಆಯಿಲ್ ಹೆಚ್ಚಾಗ್ಯಾದ ಅಂದ್ರ ಯಾರರ ಹಾಕಿರಬೇಕು, ಇಲ್ಲಾ ತಾನೇ ಬಂದಿರಬೇಕು. ಯಾರು ಹಾಕ್ಯಾರ ತಮ್ಮಾ? ಗಾಡಿ ಚಾಲೂ ಮಾಡಬ್ಯಾಡ, ಫೀಡ್ ಪಂಪ್ ಬಿಚ್ಚಿ ತೊಗೊಂಡು ಬಾ."

ನಮ್ಮ ಗಾಡಿಯಲ್ಲಿ ಫೀಡ್ ಪಂಪ್ ಇಂಜಿನ್ ಬ್ಲಾಕಿನ ಪಕ್ಕಕ್ಕೇ ಕೂತಿದೆ. ಒಳಗೆ ಒಂದು ರಬ್ಬರ್ ಡಯಾಫ್ರಮ್. ಮೇಲುಗಡೆ ಡೀಸೆಲ್, ಕೆಳಗುಗಡೆ ಇಂಜಿನ್ ಆಯಿಲ್ ಇರುವ ಜಾಗ. ಇಂಜಿನ್ನಿನ ಜೊತೆ ತಿರುಗುವ ಕ್ಯಾಮ್‌ನ ಹೊಡೆತಕ್ಕೆ ಆ ರಬ್ಬರ್ ಮೇಲೆ ಕೆಳಗೆ ಆಡಿ ಟ್ಯಾಂಕಿನಿಂದ ಡೀಸೆಲ್ ಎಳೆಯುತ್ತದೆ. ರಬ್ಬರ್ ಹರಿದರೆ ಡೀಸೆಲ್ ಹೊರಗೆ ಎಲ್ಲೂ ಕಾಣದೆ ನೇರ ಆಯಿಲ್ಲಿಗೆ ಇಳಿಯುತ್ತದೆ. ಪಂಪ್ ಬಿಚ್ಚಿದಾಗ ಅದರ ಹೊಟ್ಟೆಯಲ್ಲಿ ಡೀಸೆಲ್ ನಿಂತಿತ್ತು. ಡಯಾಫ್ರಮ್ಮನ್ನು ಬೆಳಕಿಗೆ ಹಿಡಿದು ಸ್ವಲ್ಪ ಬಗ್ಗಿಸಿದರೆ ನಡುವಿನ ಬಿಲ್ಲೆಯ ಅಂಚಿಗೆ ಕೂದಲೆಳೆಯಷ್ಟು ಸೀಳು ಬಾಯಿ ಬಿಟ್ಟಿತು. ಬಗ್ಗಿಸದಿದ್ದರೆ ಕಾಣುತ್ತಲೇ ಇರಲಿಲ್ಲ.

ವಾಸನೆ ಲೋಡಿನಲ್ಲಿ ಮಾತ್ರ ಯಾಕೆ ಬರುತ್ತಿತ್ತು ಅನ್ನೋದಕ್ಕೂ ಇದೇ ಉತ್ತರ. ಐದು ಟನ್ ಎಳೆದು ಏರು ಹತ್ತುವಾಗ ಆಯಿಲ್ ಚೆನ್ನಾಗಿ ಕಾಯುತ್ತದೆ. ಅದರಲ್ಲಿ ಸೇರಿದ ಡೀಸೆಲ್ ಆವಿಯಾಗಿ, ಇಂಜಿನ್ ಒಳಗಿನ ಗಾಳಿ ಬಿಡುವ ಬ್ರೀದರ್ ಪೈಪಿನಿಂದ ಹೊರಗೆ ಬರುತ್ತದೆ. ಲೋಡಿನಲ್ಲಿ ಪಿಸ್ಟನ್ ರಿಂಗ್ ದಾಟಿ ಕೆಳಗೆ ಬರುವ ಗಾಳಿಯೂ ಜಾಸ್ತಿ, ಅದು ಈ ಆವಿಯನ್ನು ದೂಡುತ್ತದೆ. ಗಾಡಿ ನಿಧಾನ ಇರೋದರಿಂದ ಎಲ್ಲ ಸೀಟಿನ ಹತ್ತಿರವೇ ಸುತ್ತುತ್ತದೆ. ಖಾಲಿ ಬರುವಾಗ ಇಂಜಿನ್ನಿಗೆ ಅಷ್ಟು ಕಾವೂ ಇಲ್ಲ, ಸ್ಪೀಡಿಗೆ ಗಾಳಿ ಹೊತ್ತೊಯ್ಯುತ್ತದೆ.

ಡಯಾಫ್ರಮ್ ಕಿಟ್ ಹಾಕಿಸಿ, ಆಯಿಲ್ ಪೂರ್ತಿ ಇಳಿಸಿ, ಫಿಲ್ಟರ್ ಸಮೇತ ಹೊಸದು ಹಾಕಿದೆ. ಡೀಸೆಲ್ ಸೇರಿದ ಆಯಿಲ್ಲನ್ನು ಮಟ್ಟ ಇಳಿಸಿ ಓಡಿಸುವವರಿದ್ದಾರೆ. ಮೇಲಿನದ್ದು ತೆಗೆದರೆ ಉಳಿದದ್ದೇನು ಶುದ್ಧವಾಗುತ್ತದೆಯೇ? ತೆಳ್ಳನೆಯ ಆಯಿಲ್ಲಿನಲ್ಲಿ ಕ್ರ್ಯಾಂಕಿನ ಬೇರಿಂಗ್ ಸವೆದರೆ ಆಮೇಲೆ ಖರ್ಚು ಸಾವಿರದಲ್ಲಿ ಇರೋದಿಲ್ಲ. ನಮ್ಮ ಗಾಡಿಯ ಆಯಿಲ್ ಪ್ರೆಶರ್ ಮುಳ್ಳು ಬಿಸಿಯಲ್ಲಿ ಕೆಳಗಿಳಿದಿದ್ದು ಹೊಸ ಆಯಿಲ್ ಹಾಕಿದ ಮೇಲೆ ಮತ್ತೆ ತನ್ನ ಜಾಗಕ್ಕೆ ಬಂತು.

ವಾಸನೆ ನಿಂತಿತು. ಮತ್ತೆ ಟ್ಯಾಂಕ್ ಕತ್ತಿಗೆ ತುಂಬಿಸಿ ಅಳೆದರೆ ಐದೂಮುಕ್ಕಾಲು. ಇದೂ ಲೆಕ್ಕಕ್ಕೆ ಸರಿಯೇ ಇತ್ತು. ಗಂಟೆಗೆ ಒಂದೂವರೆ ಲೀಟರ್ ಆಯಿಲ್ಲಿಗೆ ಇಳಿದಿದ್ದರೆ ಒಂದೇ ದಿನದಲ್ಲಿ ಆಯಿಲ್ ಚೇಂಬರ್ ತುಂಬಿ ಉಕ್ಕುತ್ತಿತ್ತು. ಅಂದ ಮೇಲೆ ಉಳಿದ ಡೀಸೆಲ್ಲನ್ನು ಇಂಜಿನ್ ನಿಜವಾಗಿಯೂ ಸುಡುತ್ತಿದೆ. ಯಾತಕ್ಕೆ ಸುಡುತ್ತಿದೆ ಅಂತ ಹುಡುಕಬೇಕು.

ಕರಿ ಹೊಗೆಗೆ ಕಾರಣ ಬೇಗ ಸಿಕ್ಕಿತು. ತೊಗರಿ ರಾಶಿ ಮುಗಿದ ಮೇಲೆ, ಇಂಜಿನ್ನಿಗೆ ಹೋಗುವ ಗಾಳಿಯ ಧೂಳನ್ನು ಆಯಿಲ್ಲಿನಲ್ಲಿ ಹಿಡಿಯುವ ಏರ್ ಕ್ಲೀನರಿನ ಬಟ್ಟಲು ಯಾರೂ ಬಿಚ್ಚಿರಲಿಲ್ಲ. ಆಯಿಲ್ ಇರಬೇಕಾದ ಕಡೆ ಹೊಟ್ಟಿನ ಧೂಳು ಸೇರಿ ರಾಡಿ ಆಗಿತ್ತು, ಇಂಜಿನ್ನಿಗೆ ಗಾಳಿ ಸಾಲುತ್ತಿರಲಿಲ್ಲ. ಡೀಸೆಲ್ಲಿನಿಂದ ತೊಳೆದು ಗುರುತಿನ ತನಕ ಹೊಸ ಆಯಿಲ್ ಹಾಕಿದೆ. ಹೊಗೆ ತಿಳಿಯಾಯಿತು, ಎವರೇಜ್ ಸ್ವಲ್ಪವೇ ಸುಧಾರಿಸಿತು.

ದೊಡ್ಡ ಪಾಲು ಹಿಂದೆ ಇತ್ತು, ಹುಕ್ಕಿನ ಆಚೆ. ಟ್ರ್ಯಾಕ್ಟರ್ ಕೆಟ್ಟರೆ ಎಲ್ಲರೂ ಬಾನೆಟ್ ಎತ್ತುತ್ತಾರೆ, ಟ್ರೇಲರಿನ ಕಡೆ ಯಾರೂ ನೋಡೋದಿಲ್ಲ. ಖಾಲಿ ಟ್ಯಾಂಕರನ್ನು ಅಂಗಳದಲ್ಲಿ ಬಿಚ್ಚಿ, ಮುಂದೆ ಹುಕ್ಕಿನ ಕೆಳಗೆ ಜಾಕಿ ಗಾಲಿ ಕೊಟ್ಟು, ನಾವಿಬ್ಬರೂ ದೂಡಿದೆವು. ಮೊದಲೆಲ್ಲ ಇಬ್ಬರೇ ದೂಡಿ ಮೂಲೆಗೆ ನಿಲ್ಲಿಸುತ್ತಿದ್ದ ಟ್ಯಾಂಕರ್ ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಒಂದೊಂದೇ ಗಾಲಿಗೆ ಜಾಕ್ ಕೊಟ್ಟು, ಬೇರೆ ಗಾಲಿಗಳಿಗೆ ಕಲ್ಲು ಇಟ್ಟು, ಕೈಯಿಂದ ತಿರುಗಿಸಿದೆ. ಎಡಗಡೆ ಹಿಂದಿನದು ಅರ್ಧ ಸುತ್ತು ಹೋಗಿ ಗರಗರ ಅಂತ ನಿಂತಿತು. ಗಾಲಿಯ ನಡುವೆ ಬೇರಿಂಗ್ ಕೂರುವ ಹಬ್ಬಿನ ಮುಚ್ಚಳ ತೆಗೆದರೆ ಗ್ರೀಸ್ ಇಲ್ಲ, ಕೆಂಪು ತುಕ್ಕಿನ ನೀರು. ಟ್ಯಾಂಕರ್ ತುಂಬುವಾಗ ಮೇಲಿನಿಂದ ಉಕ್ಕುವ ನೀರು ದಿನಾ ಅದೇ ಗಾಲಿ ಮೇಲೆ ಬೀಳುತ್ತಿತ್ತು, ಸೀಲ್ ಹರಿದಿತ್ತು. ಬೇರಿಂಗಿನ ರೋಲರ್‌ಗಳ ಮೇಲೆ ಸಿಡುಬಿನ ಕಲೆಗಳ ಹಾಗೆ ಗುಂಡಿ ಬಿದ್ದಿದ್ದವು. ಬೇರಿಂಗ್, ಸೀಲ್ ಎರಡೂ ಹೊಸದು ಹಾಕಿ, ಉಳಿದ ಹಬ್ಬುಗಳಿಗೂ ಗ್ರೀಸ್ ತುಂಬಿಸಿದೆ. ಉಕ್ಕುವ ನೀರಿಗೆ ಹಿಂದಕ್ಕೆ ಒಂದು ಪೈಪ್ ಇಳಿಸಿದೆ.

ಟೈರಿನ ಗಾಳಿಯೂ ಅಷ್ಟೇ ಮುಖ್ಯ. ಎರೆ ಹೊಲದಲ್ಲಿ ಹಿಡಿತ ಸಿಗಲಿ ಅಂತ ಹಿಂದಿನ ದೊಡ್ಡ ಟೈರಿಗೆ 12 ಪಿಎಸ್‌ಐ ಆಸುಪಾಸು ಬಿಟ್ಟಿರುತ್ತೇವೆ. ಅದೇ ಗಾಳಿಯಲ್ಲಿ ಡಾಂಬರ್ ಮೇಲೆ ಲೋಡ್ ಎಳೆದರೆ ಟೈರ್ ಅಗಲ ಕೂತು ಗಾಡಿಯನ್ನೇ ಹಿಡಿಯುತ್ತದೆ. ರಸ್ತೆ ಕೆಲಸಕ್ಕೆ ಎಷ್ಟು ಇರಬೇಕು ಅಂತ ಗಾಡಿಯ ಪುಸ್ತಕದಲ್ಲೇ ಇದೆ, ಅಷ್ಟಕ್ಕೆ ಏರಿಸಿದೆ. ಟ್ಯಾಂಕರಿನ ಟೈರುಗಳಿಗೆ ಟೈರಿನ ಮೈಮೇಲೆ ಬರೆದಿರುವ ಮಿತಿ ನೋಡಿ ತುಂಬಿಸಬೇಕು. ಅವು ಟ್ರ್ಯಾಕ್ಟರಿನ ಟೈರಿಗಿಂತ ಎಷ್ಟೋ ಪಟ್ಟು ಜಾಸ್ತಿ ಗಾಳಿ ಕೇಳುತ್ತವೆ. ಪಂಕ್ಚರ್ ಅಂಗಡಿಯಲ್ಲಿ ಒದ್ದು ನೋಡಿ "ಸಾಕ್ರಿ" ಅನ್ನುತ್ತಾರೆ. ಗಾಳಿ ಸರಿ ಇದ್ದರೂ ಕಮ್ಮಿ ಇದ್ದರೂ ಒದ್ದರೆ ಒಂದೇ ಥರ ಗಟ್ಟಿ ಅನಿಸುತ್ತದೆ. ಒಂದು ಗೇಜ್ ಕೊಂಡು ಟೂಲ್ ಬಾಕ್ಸಿನಲ್ಲಿ ಹಾಕಿಟ್ಟಿದ್ದೇನೆ.

ಇಷ್ಟಾದ ಮೇಲೆ ಅಳೆದಾಗ ನಾಲ್ಕೂಮುಕ್ಕಾಲಿಗೆ ಬಂತು. ಉಳಿದ ಕಾಲು ಲೀಟರ್ ಡ್ರೈವರಿನ ಗೇರಿನಲ್ಲಿದೆ ಅಂತ ನನ್ನ ಅನುಮಾನ. ಏರಿನಲ್ಲಿ ಗೇರ್ ಇಳಿಸೋಕೆ ಅವನಿಗೆ ಭಾರಿ ಬೇಜಾರು, ಇಂಜಿನ್ ಗುಟುರು ಹಾಕುವ ತನಕ ಎಳೆಯುತ್ತಾನೆ. ಹೇಳಿದರೆ, "ಗೇರ್ ಇಳ್ಸಿದ್ರ ಟೈಮ್ ಹೋಗ್ತದ್ರಿ ಮಾಲಕ್ರ, ಲೇಔಟಿನವ್ರು ನಂಗೇ ಬಯ್ತಾರ" ಅನ್ನುತ್ತಾನೆ. ಅವನ ಮಾತಿನಲ್ಲೂ ನ್ಯಾಯ ಇದೆ ಅಂತ ಸದ್ಯಕ್ಕೆ ಬಿಟ್ಟಿದ್ದೇನೆ. ಬೆಳಿಗ್ಗೆ ಆಯಿಲ್ ಕಡ್ಡಿ ನೋಡದೆ ಸ್ಟಾರ್ಟ್ ಮಾಡಬೇಡ ಅನ್ನೋದನ್ನು ಮಾತ್ರ ಬಿಟ್ಟಿಲ್ಲ.