ಹೊರ ರಾಜ್ಯದ ಸರ್ಕಾರಿ ಯೂನಿವರ್ಸಿಟಿ: ಅರ್ಜಿ ಹಾಕುವ ಮುಂಚೆ ನೋಡಬೇಕಾದದ್ದು

ಬರ್ಕ್ಲಿ, ಯುಸಿಎಲ್‌ಎ, ಮಿಷಿಗನ್, ವರ್ಜೀನಿಯಾ, ಚಾಪೆಲ್ ಹಿಲ್, ಜಾರ್ಜಿಯಾ ಟೆಕ್, ಆಸ್ಟಿನ್. ಅಮೆರಿಕದಲ್ಲಿ ಹೈಸ್ಕೂಲು ಮಕ್ಕಳಿರುವ ನಮ್ಮ ಮನೆಗಳಲ್ಲಿ ಓಡಾಡುವ ಹೆಸರುಗಳು ಇವೇ. ಎಲ್ಲವೂ ಸರ್ಕಾರಿ ಯೂನಿವರ್ಸಿಟಿಗಳು. ಸರ್ಕಾರಿ ಅಂದ ಕೂಡಲೇ ಫೀಸು ಕಡಿಮೆ ಅಂದುಕೊಳ್ಳುವುದು ಊರಿನಿಂದ ಬಂದ ಅಭ್ಯಾಸ. ಇಲ್ಲಿ ಆ ರಿಯಾಯಿತಿ ಆಯಾ ರಾಜ್ಯದವರಿಗೆ ಮಾತ್ರ. ಪಕ್ಕದ ರಾಜ್ಯದಿಂದ ಹೋದರೂ ನೀವು ಹೊರಗಿನವರೇ. ನಮ್ಮ ಸಿಇಟಿಯಲ್ಲಿ ಕರ್ನಾಟಕದಲ್ಲಿ ಏಳು ವರ್ಷ ಓದಿರಬೇಕು ಅನ್ನುವ ನಿಯಮ ಇದೆಯಲ್ಲ, ಅಂಥದ್ದೇ ಗೆರೆ. ಗೆರೆಯಾಚೆ ಇರುವವರಿಗೂ ಇಲ್ಲಿ ಸೀಟು ಸಿಗುತ್ತದೆ, ಆದರೆ ಬೆಲೆಯೇ ಬೇರೆ.

ಹಾಗಾಗಿ ರ‍್ಯಾಂಕಿಂಗ್ ಪಟ್ಟಿಯನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಆ ಪಟ್ಟಿ ಎಲ್ಲರಿಗೂ ಒಂದೇ. ಔಟ್ ಆಫ್ ಸ್ಟೇಟ್, ಅಂದರೆ ಹೊರ ರಾಜ್ಯದ ಹುಡುಗಿ ಕಟ್ಟುವ ಫೀಸು, ಅವಳಿಗಿರುವ ಸೀಟು, ಸಿಗುವ ಮೇಜರ್ (ಡಿಗ್ರಿಯ ಮುಖ್ಯ ವಿಷಯ) ಮಾತ್ರ ಬೇರೆ ಬೇರೆ.

ಮೊದಲು, ನೀವು ಯಾವ ರಾಜ್ಯದವರು?

ಸುಲಭ ಪ್ರಶ್ನೆ ಅನ್ನಿಸುತ್ತದೆ, ಆದರೆ ಅಲ್ಲ. ಬಹುತೇಕ ರಾಜ್ಯಗಳು ಸೆಮಿಸ್ಟರ್ ಶುರುವಾಗುವ ಮುಂಚೆ ಒಂದು ವರ್ಷ ಅಲ್ಲೇ ನೆಲೆಸಿರಬೇಕು ಎನ್ನುತ್ತವೆ. ಲೆಕ್ಕಕ್ಕೆ ಬರುವುದು ಸಾಮಾನ್ಯವಾಗಿ ಅಪ್ಪ ಅಮ್ಮನ ವಿಳಾಸ. ಕೆಲಸ ಬದಲಾಗಿ ಮಗಳ 12ನೇ ಕ್ಲಾಸಿನ ಜನವರಿಯಲ್ಲಿ ನ್ಯೂಜೆರ್ಸಿಯಿಂದ ಡಲ್ಲಾಸ್‌ಗೆ ಹೋದಿರಿ ಅನ್ನಿ. ಆಗಸ್ಟ್ ಹೊತ್ತಿಗೆ ಟೆಕ್ಸಾಸ್‌ನಲ್ಲಿ 12 ತಿಂಗಳು ಆಗಿರುವುದಿಲ್ಲ. ಬಿಟ್ಟು ಬಂದ ರಾಜ್ಯದ ರಿಯಾಯಿತಿಯೂ ಕೈಬಿಟ್ಟಿರಬಹುದು. ಹೊಸ ಕೆಲಸದ ಆಫರ್ ಲೆಟರ್‌ಗೆ ಸಹಿ ಹಾಕುವ ಮುಂಚೆಯೇ ಈ ಲೆಕ್ಕ ಹಾಕಿ.

‘ಮೊದಲ ವರ್ಷ ಜಾಸ್ತಿ ಕಟ್ಟೋಣ, ಆಮೇಲೆ ಅವನೇ ಕ್ಯಾಲಿಫೋರ್ನಿಯಾದವನಾಗುತ್ತಾನೆ’ ಅನ್ನುವ ಸಲಹೆ ಆಗಾಗ ಕಿವಿಗೆ ಬೀಳುತ್ತದೆ. ನಂಬಬೇಡಿ. ಅಪ್ಪ ಅಮ್ಮ ಬೇರೆ ರಾಜ್ಯದಲ್ಲಿದ್ದರೆ, ತಾನು ಹಣಕಾಸಿನಲ್ಲಿ ಸ್ವತಂತ್ರ ಎಂದು ಹುಡುಗ ಯುಸಿಗೆ (ಬರ್ಕ್ಲಿ, ಯುಸಿಎಲ್‌ಎ ಕ್ಯಾಂಪಸ್‌ಗಳು ಸೇರಿದ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ತೋರಿಸಬೇಕು. ನೀವು ಫೀಸು ಕಟ್ಟುತ್ತಿರುವಾಗ ಅದು ಆಗದ ಮಾತು.

ಎಚ್‌-4 (ಎಚ್‌-1ಬಿ ಕೆಲಸದ ವೀಸಾದವರ ಮನೆಯವರಿಗೆ ಸಿಗುವ ವೀಸಾ) ಮಕ್ಕಳ ವಿಷಯ ಇನ್ನೂ ನಾಜೂಕು. ಟೆಕ್ಸಾಸ್, ಕ್ಯಾಲಿಫೋರ್ನಿಯಾದಂಥ ರಾಜ್ಯಗಳಲ್ಲಿ ಎಚ್‌-1ಬಿ ಕುಟುಂಬದ ಮಕ್ಕಳಿಗೂ ಇನ್‌ಸ್ಟೇಟ್ ಫೀಸು, ಅಂದರೆ ಆ ರಾಜ್ಯದವರ ರಿಯಾಯಿತಿ ಫೀಸು, ಸಿಗಬಹುದು. ಆದರೆ ಫೆಡರಲ್ (ಕೇಂದ್ರ ಸರ್ಕಾರದ) ಗ್ರಾಂಟೂ ಇಲ್ಲ, ಸಾಲವೂ ಇಲ್ಲ. ಕ್ಯಾಂಪಸ್‌ನಲ್ಲಿ ಕೆಲಸವನ್ನೂ ಮಾಡುವಂತಿಲ್ಲ. 21 ತುಂಬಿದ ದಿನ ಎಚ್‌-4 ಮುಗಿಯುತ್ತದೆ. ಭಾರತದವರ ಗ್ರೀನ್ ಕಾರ್ಡ್ ಸರದಿ ಎಷ್ಟು ಉದ್ದ ಅಂತ ಗೊತ್ತೇ ಇದೆ, ಹಾಗಾಗಿ ಹೆಚ್ಚಿನವರು ಆಗ ಎಫ್‌-1 ವಿದ್ಯಾರ್ಥಿ ವೀಸಾಗೆ ಬದಲಾಗುತ್ತಾರೆ. ಎಫ್‌-1 ಆದ ಮೇಲೆ ಇನ್‌ಸ್ಟೇಟ್ ಫೀಸು ಮುಂದುವರಿಯುತ್ತದೆಯೇ ಎಂಬುದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಮೂರನೇ ವರ್ಷದ ನಡುವೆ ಬಿಲ್ಲು ಎರಡು ಪಟ್ಟಾದರೆ ಕಷ್ಟ, ಅಲ್ವಾ? ಯೂನಿವರ್ಸಿಟಿಯ ರೆಸಿಡೆನ್ಸಿ ಆಫೀಸಿಗೆ ಮೇಲ್ ಮಾಡಿ, ಬರಹದಲ್ಲೇ ಉತ್ತರ ಪಡೆಯಿರಿ. ವಾಟ್ಸಾಪ್ ಗುಂಪಿನ ಉತ್ತರ, ನಮ್ಮ ಸಂಘದ್ದೂ ಸೇರಿ, ಇದಕ್ಕೆ ಸಾಲದು.

ಬಿಲ್ಲು

ಯುಸಿ ಕ್ಯಾಂಪಸ್‌ಗಳಲ್ಲಿ ಹೊರ ರಾಜ್ಯದವರು ಮಾಮೂಲಿ ಫೀಸಿನ ಮೇಲೆ ಇನ್ನೊಂದು ಮೊತ್ತ ಕಟ್ಟಬೇಕು. 2025–26ರಲ್ಲಿ ಹೊಸದಾಗಿ ಸೇರಿದವರಿಗೆ ಅದು 37,602 ಡಾಲರ್ ಇತ್ತು. ಊಟ, ವಸತಿ ಸೇರಿದರೆ ಬರ್ಕ್ಲಿಯಲ್ಲಿ ವರ್ಷಕ್ಕೆ 80 ಸಾವಿರ ದಾಟುತ್ತದೆ. ಹೊರಗಿನವರಿಗೆ ಯುಸಿಯಿಂದ ಆದಾಯ ನೋಡಿ ಕೊಡುವ ಗ್ರಾಂಟ್ ಇಲ್ಲ ಅಂತಲೇ ಇಟ್ಟುಕೊಂಡು ಲೆಕ್ಕ ಹಾಕಿ. ಮಿಷಿಗನ್‌ನಲ್ಲಿ ಬರೀ ಫೀಸೇ 60 ಸಾವಿರದ ಮೇಲೆ. ಮೂರನೇ ಮತ್ತು ನಾಲ್ಕನೇ ವರ್ಷಕ್ಕೆ ಅದು ಇನ್ನೂ ಜಾಸ್ತಿ. ಮೊದಲ ವರ್ಷದ ಅಂಕಿಯನ್ನು ನಾಲ್ಕರಿಂದ ಗುಣಿಸಿ ಸಮಾಧಾನ ಪಡಬೇಡಿ.

ಇದರ ಪಕ್ಕದಲ್ಲಿ ಇಂಡಿಯಾನಾದ ಪರ್ಡ್ಯೂ ಯೂನಿವರ್ಸಿಟಿ ಇಟ್ಟು ನೋಡಿ. ಅಲ್ಲಿ 2013ರಿಂದ ಫೀಸು ಏರಿಸಿಲ್ಲ. ಹೊರಗಿನವರಿಗೂ ಸುಮಾರು 28,800 ಡಾಲರ್. ಎಂಜಿನಿಯರಿಂಗ್ ಓದಲು ಹೊರಟ ಮಗುವಿಗೆ ಈ ಹೆಸರು ಪಟ್ಟಿಯಲ್ಲಿ ಇರಲೇಬೇಕು ಅನ್ನುವುದು ನಮ್ಮ ಅಭಿಪ್ರಾಯ.

ವರ್ಜೀನಿಯಾ ಮತ್ತು ಚಾಪೆಲ್ ಹಿಲ್ ಹೊರ ರಾಜ್ಯದವರಿಗೂ ಪೂರ್ತಿ ‘ನೀಡ್’, ಅಂದರೆ ಮನೆಯವರ ಕೈಲಾಗುವುದು ಕಳೆದು ಉಳಿದ ಖರ್ಚು, ತುಂಬಿಕೊಡುತ್ತವೆ. ಕೇಳಲು ಚೆನ್ನಾಗಿದೆ. ಆದರೆ ಅದು ಸಿಟಿಜನ್ ಅಥವಾ ಗ್ರೀನ್ ಕಾರ್ಡ್ ಇದ್ದವರಿಗೆ. ‘ನೀಡ್’ ಎಷ್ಟು ಎಂದು ತೀರ್ಮಾನಿಸುವವರೂ ಅವರೇ. ಮನೆಯಲ್ಲಿ ಎರಡು ಸಾಫ್ಟ್‌ವೇರ್ ಸಂಬಳ ಇದ್ದರೆ ಅದು ಸೊನ್ನೆಗೆ ಹತ್ತಿರವೇ ಬರುತ್ತದೆ. ಪ್ರತಿ ಯೂನಿವರ್ಸಿಟಿಯ ವೆಬ್‌ಸೈಟ್‌ನಲ್ಲಿರುವ ನೆಟ್ ಪ್ರೈಸ್ ಕ್ಯಾಲ್ಕುಲೇಟರ್‌ನಲ್ಲಿ (ನೆರವು ಕಳೆದು ನಿಮ್ಮ ಖರ್ಚು ಎಷ್ಟೆಂದು ತೋರಿಸುವ ಲೆಕ್ಕ) ಒಮ್ಮೆ ಅಂಕಿ ತುಂಬಿಸಿ ನೋಡಿ.

ಸಾಲ ನಂಬಿಕೊಂಡವರಿಗೆ ಒಂದು ಮಾತು. ಫೆಡರಲ್ ಸಾಲ ವಿದ್ಯಾರ್ಥಿಯ ಹೆಸರಲ್ಲಿ ನಾಲ್ಕು ವರ್ಷಕ್ಕೆ ಸಿಗುವುದು ಒಟ್ಟು 27,000 ಡಾಲರ್. ಅಪ್ಪ ಅಮ್ಮ ತೆಗೆದುಕೊಳ್ಳುವ ಪೇರೆಂಟ್ ಪ್ಲಸ್ ಸಾಲಕ್ಕೂ 2026ರ ಜುಲೈನಿಂದ ಮಿತಿ ಬಂದಿದೆ. ವರ್ಷಕ್ಕೆ 20,000, ಒಟ್ಟು 65,000. ಹಳಬರು ‘ಬೇಕಾದಷ್ಟು ಕೊಡ್ತಾರೆ’ ಅಂದರೆ ಅದು ಹಳೇ ಕಥೆ.

ಒಂದು ಉದಾಹರಣೆ. ನ್ಯೂಜೆರ್ಸಿಯ ಮನೆಯೊಂದಕ್ಕೆ ಆ ರಾಜ್ಯದ್ದೇ ಯೂನಿವರ್ಸಿಟಿಯಾದ ರಟ್ಗರ್ಸ್‌ನ ಇನ್‌ಸ್ಟೇಟ್ ಫೀಸು ವರ್ಷಕ್ಕೆ 18 ಸಾವಿರದ ಆಸುಪಾಸು. ಮಿಷಿಗನ್‌ಗೆ ಹೋದರೆ ನಾಲ್ಕು ವರ್ಷದಲ್ಲಿ ಫೀಸಿನ ವ್ಯತ್ಯಾಸವೇ 1,70,000 ಡಾಲರ್ ದಾಟುತ್ತದೆ. ಆ ದುಡ್ಡು ಕೊಟ್ಟು ಏನು ಸಿಗುತ್ತದೆ ಎಂದು ಮಗುವಿನ ಜೊತೆ ಕೂತು ಬರೆದು ನೋಡಿ. ಉತ್ತರ ‘ಒಳ್ಳೇ ಹೆಸರು’ ಅಷ್ಟೇ ಆಗಿದ್ದರೆ ನಾವು ರಟ್ಗರ್ಸ್ ಎನ್ನುತ್ತೇವೆ.

ಸೀಟು

ಟೆಕ್ಸಾಸ್ ಆಸ್ಟಿನ್‌ನಲ್ಲಿ ಮೊದಲ ವರ್ಷದ 90% ಸೀಟು ಟೆಕ್ಸಾಸ್‌ನವರಿಗೆ. ಚಾಪೆಲ್ ಹಿಲ್‌ನಲ್ಲಿ ಹಲವು ದಶಕಗಳಿಂದ ಹೊರಗಿನವರಿಗೆ 18%ರ ಮಿತಿ ನಡೆದುಬಂದಿದೆ. ಮಿಷಿಗನ್ ಹಾಗಲ್ಲ, ಅಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಕ್ಕಳು ಹೊರಗಿನಿಂದ ಬಂದವರು. ಹಾಗಾಗಿ ಇನ್‌ಸ್ಟೇಟ್ ಮಕ್ಕಳೂ ಸೇರಿದ ಒಟ್ಟು ಅಡ್ಮಿಷನ್ ಅಂಕಿ ನೋಡಿ ಅಂದಾಜು ಮಾಡಬೇಡಿ, ಹೊರಗಿನವರದ್ದನ್ನೇ ಬೇರೆಯಾಗಿ ಹುಡುಕಿ. ಯುಸಿಯಲ್ಲಿ ಎಸ್‌ಎಟಿ (1600 ಅಂಕದ ಕಾಲೇಜು ಪ್ರವೇಶ ಪರೀಕ್ಷೆ) ಅಂಕ ನೋಡುವುದೇ ಇಲ್ಲ. ಮನೆಯಲ್ಲಿ 1550 ಬಂತು ಅಂತ ಹೋಳಿಗೆ ಮಾಡಿದರೂ ಅಲ್ಲಿ ಉಪಯೋಗವಿಲ್ಲ. ಜಾರ್ಜಿಯಾ ಟೆಕ್‌ನ ಮೊದಲ ಅರ್ಲಿ ಆಕ್ಷನ್ (ಬೇಗ ಅರ್ಜಿ ಹಾಕಿ ಬೇಗ ಉತ್ತರ ಪಡೆಯುವ ಸುತ್ತು) ಆ ರಾಜ್ಯದವರಿಗೆ ಮಾತ್ರ, ಹೊರಗಿನವರು ಎರಡನೆಯದಕ್ಕೆ ಹಾಕಬೇಕು.

ಮೇಜರ್‌ನ ಬಾಗಿಲು

ನಮ್ಮ ಮನೆಗಳಲ್ಲಿ ಹೆಚ್ಚಿನ ಮಕ್ಕಳಿಗೆ ಬೇಕಾದದ್ದು, ಅಥವಾ ನಮಗೆ ಬೇಕಾದದ್ದು, ಕಂಪ್ಯೂಟರ್ ಸೈನ್ಸ್ (ಸಿಎಸ್). ‘ಯಾವುದಾದರೂ ಮೇಜರ್‌ನಲ್ಲಿ ಒಳಗೆ ಹೋಗಲಿ, ಆಮೇಲೆ ಬದಲಾಯಿಸಿಕೊಂಡರಾಯಿತು’ ಅನ್ನುವ ಉಪಾಯ ದೊಡ್ಡ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಕೈಕೊಡುತ್ತದೆ. ಸಿಯಾಟಲ್‌ನ ವಾಷಿಂಗ್ಟನ್ ಯೂನಿವರ್ಸಿಟಿ ಮತ್ತು ಇಲಿನಾಯ್ ಅರ್ಬಾನಾ-ಶಾಂಪೇನ್ ಎರಡರಲ್ಲೂ ಸಿಎಸ್ ಸೀಟು ಅರ್ಜಿಯಲ್ಲೇ ತೀರ್ಮಾನವಾಗುತ್ತದೆ. ಒಳಗೆ ಹೋದ ಮೇಲಿನ ದಾರಿ ತುಂಬಾ ಕಿರಿದು. ಬರ್ಕ್ಲಿಯಲ್ಲೂ 2023ರಿಂದ ಹೀಗೇ. ಇಲಿನಾಯ್‌ನಲ್ಲಿ ಸಿಎಸ್ ಜೊತೆ ಎಕನಾಮಿಕ್ಸ್, ಲಿಂಗ್ವಿಸ್ಟಿಕ್ಸ್‌ನಂಥ ವಿಷಯ ಬೆರೆಸಿದ ಡಿಗ್ರಿಗಳಿವೆ. ಮಗುವಿಗೆ ನಿಜವಾಗಲೂ ಆಸಕ್ತಿ ಇದ್ದರೆ ಚೆನ್ನಾಗಿವೆ. ಹಿಂಬಾಗಿಲು ಅಂದುಕೊಂಡು ಹೋದರೆ ನಾಲ್ಕು ವರ್ಷ ಬೇಡದ ವಿಷಯ ಓದಬೇಕಾದೀತು.

ಆದ್ದರಿಂದ ನಮ್ಮ ಸಲಹೆ: ಮೇಜರ್ ನೇರವಾಗಿ ಸಿಕ್ಕಿದ್ದರೆ ಮಾತ್ರ ಹೊರ ರಾಜ್ಯದ ಫೀಸು ಕಟ್ಟುವ ಮಾತಾಡಿ. ‘ಅನ್‌ಡಿಕ್ಲೇರ್ಡ್’ (ಮೇಜರ್ ಇನ್ನೂ ನಿಗದಿಯಾಗಿಲ್ಲ) ಅಂತ ಬಂದರೆ ಮನೆಯ ರಾಜ್ಯದ ಯೂನಿವರ್ಸಿಟಿ ಕಡೆ ವಾಲಿ.

ಉತ್ತರಗಳು ಮಾರ್ಚ್ ಕೊನೆಯ ಹೊತ್ತಿಗೆ ಹೆಚ್ಚೂಕಡಿಮೆ ಎಲ್ಲವೂ ಬಂದಿರುತ್ತವೆ. ಡಿಪಾಸಿಟ್ ಕಟ್ಟಲು ಸಾಮಾನ್ಯವಾಗಿ ಮೇ 1 ಕೊನೇ ದಿನ. ಈ ನಡುವಿನ ಒಂದು ತಿಂಗಳಲ್ಲಿ ಅಲ್ಲಿಗೇ ಹೋಗಿ ನೋಡಿ ಬನ್ನಿ. ಅಲ್ಲಿ ಓದುತ್ತಿರುವ ನಮ್ಮ ಮಕ್ಕಳ ಪರಿಚಯ ಬೇಕಾದರೆ ಸಂಘದ ಸ್ವಯಂಸೇವಕರನ್ನು ಕೇಳಿ. ಬೇಕಾದ ಕ್ಲಾಸು ಸಿಗುತ್ತಾ, ಎರಡನೇ ವರ್ಷ ಮನೆ ಬಾಡಿಗೆ ಎಷ್ಟು, ಆ ಎರಡು ಪ್ರಶ್ನೆ ಮಗುವೇ ಕೇಳಲಿ. ನೀವು ಜೊತೆಯಲ್ಲಿ ಕೂತರೆ ಅವರು ಬಾಯಿ ಬಿಡುವುದಿಲ್ಲ.