ಕಡತಗಳಿಗೆ ತಾರೀಖು ಕಟ್ಟಿದ ಕೆಲಸ: ನನ್ನ ಅನುಭವ

ದಾವಣಗೆರೆಯಲ್ಲಿ ನಮ್ಮದು ನಾಲ್ವರು ವಕೀಲರು, ಇಬ್ಬರು ಗುಮಾಸ್ತರು ಇರುವ ಕಛೇರಿ. ಸೀನಿಯರ್ ಮೂರು ದಶಕಗಳಿಂದ ಬರೆದ ವಾದಪತ್ರಗಳು, ಪ್ರತಿವಾದ ಪತ್ರಗಳು, ತೀರ್ಪುಗಳ ಟಿಪ್ಪಣಿಗಳು ಬಟ್ಟೆಯ ಕಟ್ಟುಗಳಲ್ಲಿಯೂ ಕಂಪ್ಯೂಟರುಗಳಲ್ಲಿಯೂ ಚದುರಿದ್ದವು. ಯಾವುದು ಎಲ್ಲಿದೆ ಎಂಬುದು ಹಿರಿಯ ಗುಮಾಸ್ತರೊಬ್ಬರಿಗೆ ಮಾತ್ರ ಗೊತ್ತಿತ್ತು.

ಒಮ್ಮೆ ಆಸ್ತಿ ವಿಭಾಗದ ದಾವೆಯೊಂದಕ್ಕೆ ಹಳೆಯ ಪ್ರತಿವಾದ ಪತ್ರವನ್ನು ತೆಗೆದು, ಹೆಸರು, ಸರ್ವೆ ನಂಬರು, ಚೆಕ್ಕುಬಂದಿ ಬದಲಾಯಿಸಿ ಸೀನಿಯರ್ ಮುಂದಿಟ್ಟೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂದ 2005ರ ಸೆಪ್ಟೆಂಬರ್ 9ರಂದು ತಂದೆ ಬದುಕಿರಲಿಲ್ಲವಾದ್ದರಿಂದ ಮಗಳಿಗೆ ಸಹದಾಯಿಕ ಹಕ್ಕು (ಕುಟುಂಬದ ಆಸ್ತಿಯಲ್ಲಿ ಹುಟ್ಟಿನಿಂದಲೇ ಬರುವ ಪಾಲು) ಇಲ್ಲವೆಂಬ ವಾದ, ಪ್ರಕಾಶ್ ವಿರುದ್ಧ ಫೂಲವತಿ ತೀರ್ಪಿನ ಆಧಾರದೊಡನೆ, ಅದರಲ್ಲಿ ಹಾಗೆಯೇ ಉಳಿದಿತ್ತು. ಆ ನಿಲುವನ್ನು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠವು ವಿನೀತಾ ಶರ್ಮಾ ಪ್ರಕರಣದಲ್ಲಿ 2020ರ ಆಗಸ್ಟ್ 11ರಂದು ತಳ್ಳಿಹಾಕಿತ್ತು. ಸೀನಿಯರ್ ಆ ಕಂಡಿಕೆಯ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದು, "ನೋಡಪ್ಪ, ಈ ತೀರ್ಪು ಈಗ ನಡೆಯೋದಿಲ್ಲ" ಎಂದಷ್ಟೇ ಹೇಳಿದರು. ಹಳೆಯ ಬರಹ ಕೈಗೆ ಸಿಕ್ಕರೆ ಸಾಲದು, ಅದು ಯಾವ ದಿನದ ಕಾನೂನಿನ ಮೇಲೆ ನಿಂತಿದೆ ಎಂಬುದೂ ಜೊತೆಗೆ ಸಿಗಬೇಕು ಎಂದು ನನಗೆ ಮನವರಿಕೆಯಾದದ್ದು ಅಂದು.

ಹೀಗೆ ಎಲ್ಲ ಕಡತಗಳನ್ನೂ ಕಂಪ್ಯೂಟರಿನಲ್ಲಿ ಹುಡುಕಿ ತೆಗೆಯುವಂತೆ ಮಾಡುವ ಕೆಲಸ ಶುರುವಾದದ್ದು ಸ್ಕ್ಯಾನಿಂಗಿನಿಂದ. ಅಚ್ಚಾದ ಪುಟಗಳನ್ನು ಟೆಸರಾಕ್ಟ್ ಎಂಬ ಉಚಿತ ತಂತ್ರಾಂಶದಿಂದ ಪಠ್ಯವಾಗಿಸಿದೆವು. ಕೈಬರಹದ ಪುಟಗಳನ್ನು ಅದು ಓದಲಾರದ್ದರಿಂದ ಅವುಗಳ ಶೀರ್ಷಿಕೆಯನ್ನಷ್ಟೇ ಗುಮಾಸ್ತರು ಟೈಪ್ ಮಾಡಿದರು. ಹಳೆಯ ನುಡಿ ಫಾಂಟಿನ ಕಡತಗಳು ತೆರೆದರೆ ಓದಲು ಬರುತ್ತಿದ್ದರೂ ಹುಡುಕಿದರೆ ಸಿಗುತ್ತಿರಲಿಲ್ಲ. ಅವನ್ನೆಲ್ಲ ಈಗಿನ ಎಲ್ಲ ಕಂಪ್ಯೂಟರುಗಳೂ ಗುರುತಿಸುವ ಅಕ್ಷರ ಸಂಕೇತವಾದ ಯೂನಿಕೋಡಿಗೆ ಪರಿವರ್ತಿಸಬೇಕಾಯಿತು. ಕಕ್ಷಿದಾರರು ನಮ್ಮನ್ನು ನಂಬಿ ಹೇಳಿದ ಸಂಗತಿಗಳು ಇವುಗಳಲ್ಲಿ ಇರುವುದರಿಂದ ಯಾವ ಪುಟವನ್ನೂ ಅಂತರ್ಜಾಲದ ಉಚಿತ ಸೇವೆಗಳಿಗೆ ಕೊಡಲಿಲ್ಲ. ಎಲ್ಲವೂ ಕಛೇರಿಯ ಒಂದೇ ಕಂಪ್ಯೂಟರಿನಲ್ಲಿ ನಡೆಯಿತು.

ಊರಿನ ಹೆಸರಿನಿಂದ ಹುಡುಕುವಾಗ ಇನ್ನೊಂದು ತೊಡಕು ಎದುರಾಯಿತು. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೆ ಮುಂಚಿನ ಕ್ರಯಪತ್ರಗಳಲ್ಲಿ ಜಗಳೂರಿನ ಜಮೀನು ಚಿತ್ರದುರ್ಗ ಜಿಲ್ಲೆಯದು, ಚನ್ನಗಿರಿಯದು ಶಿವಮೊಗ್ಗ ಜಿಲ್ಲೆಯದು. ಹರಪನಹಳ್ಳಿಯಂತೂ ಬಳ್ಳಾರಿಯಿಂದ ಇತ್ತ ಬಂದು, 2018ರಲ್ಲಿ ಮರಳಿ ಹೋಗಿ, ಈಗ ವಿಜಯನಗರ ಜಿಲ್ಲೆಗೆ ಸೇರಿದೆ. ಆದ್ದರಿಂದ ಜಿಲ್ಲೆಯನ್ನು ಕೈಬಿಟ್ಟು ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರುಗಳನ್ನೇ ಆಧಾರವಾಗಿಟ್ಟೆವು. ನಡೆಯುತ್ತಿರುವ ಪ್ರಕರಣಗಳಿಗೆ ನ್ಯಾಯಾಲಯದ ಕಂಪ್ಯೂಟರ್ ವ್ಯವಸ್ಥೆ ಪ್ರತಿ ಪ್ರಕರಣಕ್ಕೂ ಕೊಡುವ ಹದಿನಾರು ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆಯನ್ನೂ ಸೇರಿಸಿದೆವು.

ನಿಜವಾದ ಪರೀಕ್ಷೆ ಬಂದದ್ದು 2024ರ ಜುಲೈ 1ರಂದು ಹೊಸ ಕ್ರಿಮಿನಲ್ ಕಾನೂನುಗಳು ಜಾರಿಯಾದಾಗ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ 482ನೇ ಕಲಮು ಪ್ರಕರಣ ರದ್ದು ಕೋರಿ ಹೈಕೋರ್ಟಿಗೆ ಹೋಗಲು ಬಳಸುತ್ತಿದ್ದುದು. ಅದರ ಜಾಗಕ್ಕೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 482 ಎಂದರೆ ನಿರೀಕ್ಷಣಾ ಜಾಮೀನು, ರದ್ದತಿಗೆ 528. ಹಾಗೆಯೇ 144 ಎಂದರೆ ಹಿಂದೆ ನಿಷೇಧಾಜ್ಞೆ, ಈಗ ಜೀವನಾಂಶ. ಅಂದಿಗೆ ಬಾಕಿಯಿದ್ದ ವಿಚಾರಣೆಗಳು ಹಳೆಯ ಕಾನೂನಿನಂತೆಯೇ ಮುಂದುವರಿಯುವುದರಿಂದ, ಕಲಮುಗಳ ಸಂಖ್ಯೆಯನ್ನು ಒಂದೇ ಏಟಿಗೆ ಬದಲಾಯಿಸಿದ್ದರೆ ಸರಿಯಿದ್ದ ಕರಡುಗಳೂ ಕೆಡುತ್ತಿದ್ದವು. ಹೀಗಾಗಿ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದ ನಮ್ಮ ಪುಟ್ಟ ಪ್ರೋಗ್ರಾಂ ಯಾವುದನ್ನೂ ತಾನಾಗಿ ತಿದ್ದುವುದಿಲ್ಲ. ಪ್ರತಿ ರಾತ್ರಿ ಅದು ಕರಡುಗಳನ್ನು ಓದಿ, ಕಲಮಿನ ಜೊತೆಗೆ ಕಾಯ್ದೆಯ ಹೆಸರು ಇಲ್ಲದಿದ್ದರೆ, ನಡೆಯದ ತೀರ್ಪುಗಳ ನಮ್ಮ ಪಟ್ಟಿಯಲ್ಲಿರುವುದೊಂದು ಉಲ್ಲೇಖವಾಗಿದ್ದರೆ, ಅಥವಾ ಯಾರೂ ಆರು ತಿಂಗಳಿಂದ ಪರಿಶೀಲಿಸಿರದಿದ್ದರೆ, ಮೊದಲ ಪುಟದ ನೆತ್ತಿಯ ಮೇಲೆ ಕೆಂಪು ಪಟ್ಟಿ ಹಾಕುತ್ತದೆ. ಪರಿಶೀಲಿಸಿದವರ ಹೆಸರು ಮತ್ತು ತಾರೀಖು ಬರೆಯದೆ ಆ ಕೆಂಪು ಪಟ್ಟಿ ಹೋಗುವುದಿಲ್ಲ.

ನಡೆಯದ ತೀರ್ಪುಗಳ ಆ ಪಟ್ಟಿಯನ್ನು ಮಾತ್ರ ಯಂತ್ರಕ್ಕೆ ಒಪ್ಪಿಸಿಲ್ಲ. ಶನಿವಾರ ಸಂಜೆ ಒಂದು ಗಂಟೆ ಎಲ್ಲರೂ ಕುಳಿತು ವಾರದ ತೀರ್ಪುಗಳನ್ನು ಓದಿ ಅದನ್ನು ತಿದ್ದುತ್ತೇವೆ. ಹಳೆಯ ಕಟ್ಟುಗಳ ಅಂಚಿನಲ್ಲಿ ತಾವು ಪೆನ್ಸಿಲಿನಿಂದ ಬರೆದ ಟಿಪ್ಪಣಿಗಳನ್ನು ಸೀನಿಯರ್ ಆ ಹೊತ್ತಿನಲ್ಲೇ ಓದಿ ಹೇಳುತ್ತಾರೆ, ಕಿರಿಯ ವಕೀಲೆ ಟೈಪ್ ಮಾಡಿಕೊಳ್ಳುತ್ತಾರೆ. 1998ರ ಕಟ್ಟಿನವರೆಗೆ ಬಂದಿದ್ದೇವೆ.